ನಮ್ಮ ಮನೆಯ ತಡ

ಬಳೆ ಮಾರುವವರು ಓಣಿಗೆ ಬಂದರೆ ಕೂಗಬೇಕು. ಕೂಗದಿದ್ದರೆ ಅಡುಗೆಮನೆಯಲ್ಲಿರುವ ಹೆಂಗಸರಿಗೆ ಗೊತ್ತಾಗುವುದಾದರೂ ಹೇಗೆ? ಆದರೆ ನಮ್ಮ ಸೋದರತ್ತೆ ಹಜರತ ಫೂಫು ಲಕ್ಷ್ಮೇಶ್ವರದ ಓಣಿ ಓಣಿ ತಿರುಗಿ ಬಳೆ ಮಾರಿದವಳು, ಒಮ್ಮೆಯೂ ಕೂಗಿದ್ದನ್ನು ನಾನು ಕೇಳಿಲ್ಲ. ಹೆಗಲ ಮೇಲೆ ಬಳೆಯ ಮಲಾರ ಇಳಿಬಿಟ್ಟುಕೊಂಡು, ತಲೆತುಂಬ ಸೆರಗು ಹೊದ್ದು, ಹೊಸ್ತಿಲ ಎದುರಿಗೆ ಬಂದು ನಿಲ್ಲುವಳು. ಒಳಗಿನವರು ತಲೆಯೆತ್ತಿ ನೋಡುವ ತನಕ ನಿಂತೇ ಇರುವಳು. ಯಾರಾದರೂ ಬೆನ್ನು ಮಾಡಿ ಕೂತಿದ್ದರೆ ಅಂಗಳದಲ್ಲಿ ಒಂದು ಸುತ್ತು ಹಾಕಿ ಅವರ ಕಣ್ಣಿಗೆ ಬೀಳುವಂತೆ ಎದುರಿಗೆ ಬರುವಳೇ ಹೊರತು ಹಿಂದಿನಿಂದ ಕರೆಯುತ್ತಿರಲಿಲ್ಲ. ನಮ್ಮ ಮನೆಯಲ್ಲಂತೂ ಬಾಗಿಲನ್ನು ಧಡಾರನೆ ಎಳೆಯುವ ಹಾಗಿಲ್ಲ, ಕೊಡ ಕುಕ್ಕುವ ಹಾಗಿಲ್ಲ, ಮಲಗಿದವರನ್ನು ಅಲುಗಿಸಿ ಎಬ್ಬಿಸುವ ಹಾಗಿಲ್ಲ. ಎಬ್ಬಿಸಬೇಕಾದರೆ ಅವಳೇ ಬಂದು ಕಾಲ ಹತ್ತಿರ ಕೂತು ಹೆಸರನ್ನು ಸಣ್ಣ ದನಿಯಲ್ಲಿ ಹೇಳುತ್ತ ಹೇಳುತ್ತ, ದನಿಯನ್ನು ಸ್ವಲ್ಪ ಸ್ವಲ್ಪವೇ ಏರಿಸುವಳು. ಊರಿನ ಹೆಂಗಸರು ಅವಳಿಗೆ ‘ಮೆತ್ತನ್ನ ಹಜರತಮ್ಮ’ ಎಂದು ಹೆಸರಿಟ್ಟಿದ್ದರು.

ಹಾಗೆಂದು ಅವಳು ಮೆತ್ತಗಿನ ಹೆಂಗಸೇನೂ ಅಲ್ಲ. ದನಿ ಮಾತ್ರ ಮೆತ್ತಗೆ. ಒಮ್ಮೆ ಗದಗಿನ ಬಸ್ಸಿನಲ್ಲಿ ಹೊಸ ಕಂಡಕ್ಟರನೊಬ್ಬ, ಬಳೆಯ ಗಂಟನ್ನು ಬಸ್ಸಿನ ಮೇಲೆ ಹಾಕಬೇಕು ಎಂದ. ಫೂಫು ಬಾಗಿಲಲ್ಲೇ ನಿಂತು, “ಬಳಿ ಮ್ಯಾಲ ಹೋಗತಾವಂದ್ರ ನಾನೂ ಮ್ಯಾಲ ಕುಂಡ್ರತೀನಿ. ಹತ್ತಸಪ್ಪಾ, ಕೈ ಹಿಡಿ” ಎಂದು ನಿಜವಾಗಿಯೂ ಹಿಂದಿನ ಏಣಿಯ ಕಡೆಗೆ ನಡೆದಳು. ಬಸ್ಸಿನ ತುಂಬ ನಗು. ಅಂದಿನಿಂದ ಆ ಕಂಡಕ್ಟರ್ ಅವಳನ್ನು ದೂರದಿಂದ ಕಂಡರೂ ಮುಂದಿನ ಸೀಟು ಬಿಡಿಸಿ ಇಡುತ್ತಿದ್ದ. ಚಹಾ ಕುಡಿಯುವುದೂ ಅವಳದೊಂದು ಸಂಭ್ರಮ. ಬಶಿಗೆ ಸುರಿದುಕೊಂಡು, ಅದು ತಣ್ಣಗಾಗುವವರೆಗೆ ಊರ ಸುದ್ದಿಯನ್ನೆಲ್ಲ ಹೇಳಿ, ಕೊನೆಗೆ ಒಂದೇ ಗುಟುಕಿಗೆ ಮುಗಿಸುತ್ತಿದ್ದಳು. ತಣ್ಣಗಿನ ಚಹಾ ಯಾಕೆ ಕುಡಿಯುತ್ತಿ ಎಂದು ನಮ್ಮ ಅಮ್ಮಾ ಕೇಳಿದರೆ, “ಚಾ ಯಾಂವ ಕುಡೀತಾನ, ನಾ ಕುಂಡ್ರಾಕ ಬಂದೀನಿ” ಎನ್ನುವಳು.

ಫೂಫು ನಮ್ಮ ಅಬ್ಬಾನ ಅಕ್ಕ. ಅವಳನ್ನು ಮುಂಡರಗಿ ತಾಲೂಕಿನ ಕೊರ್ಲಹಳ್ಳಿಗೆ ಕೊಟ್ಟಿದ್ದರು. ತುಂಗಭದ್ರೆಯ ದಂಡೆಯ ಊರು. ಅಲ್ಲಿನ ಹುಡುಗರು ನಡೆಯುವುದನ್ನೂ ಈಜುವುದನ್ನೂ ಹೆಚ್ಚುಕಡಿಮೆ ಒಟ್ಟಿಗೇ ಕಲಿಯುತ್ತಾರೆ. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೂ ಅವಳು ತವರಿಗೆ ಬರಲಿಲ್ಲ. ಮಗ ಮಕ್ತುಮನಿದ್ದ, ತುಂಡು ಹೊಲವಿತ್ತು, ಹೊಳೆಯ ದಂಡೆಯ ಮಳಲಲ್ಲಿ ಬೇಸಿಗೆಗೆ ಕಲ್ಲಂಗಡಿ ಹಾಕುತ್ತಿದ್ದರು. ಮಕ್ತುಮನಿಗೆ ಮೀಸೆ ಚಿಗುರುತ್ತಿದ್ದ ವರ್ಷ, ಒಂದು ಮುಂಜಾನೆ, ಗೆಳೆಯರೊಡನೆ ಪಂದ್ಯ ಕಟ್ಟಿ ಆಚೆ ದಂಡೆಯಿಂದ ಈಜಿ ಬರುತ್ತಿದ್ದವನು ನೀರಿನಲ್ಲಿ ಹೋಗಿಬಿಟ್ಟ. ಫೂಫು ಈಚೆ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಗ ತನ್ನ ಕಡೆಗೇ ಬರುತ್ತಿದ್ದುದರಿಂದ ಅವಳು ಎಲ್ಲವನ್ನೂ ಕಂಡಳು.

ಹೊಳೆ ಎಳೆದುಕೊಂಡಿತು ಎಂದು ಊರವರು ತೀರ್ಮಾನಿಸಿದರು. ಸುಳಿ ಇದ್ದಿರಬೇಕು, ಕಾಲಿಗೆ ಜೊಂಡು ಸಿಕ್ಕಿರಬೇಕು, ಹುಡುಗ ದಣಿದಿರಬೇಕು. ಫೂಫು ಇದಾವುದನ್ನೂ ಒಪ್ಪಲಿಲ್ಲ. ಅದು ಬೇಸಿಗೆಯ ಹೊಳೆ, ತಿಳಿನೀರು, ಸುಳಿಯಿಲ್ಲ, ಸೆಳವಿಲ್ಲ. ತವರಿಗೆ ಬಂದ ಮೇಲೂ, ಯಾರು ಮಾತಾಡಿಸಲು ಬಂದರೂ ಒಂದೇ ಮಾತು ಹೇಳುತ್ತಿದ್ದಳು: “ಅವ ಮುಳಗಿ ಸತ್ತಿಲ್ರಿ. ಕೈ ಎತ್ತಿದಾವ ಎತ್ತಿದಂಗ ನಿಂತಾ. ನಿಂತ ಮ್ಯಾಲ ಮುಳಗಿದಾ.” ಕೇಳಿದವರು ಪಾಪವೆಂದು ತಲೆದೂಗಿ, ದುಃಖದಲ್ಲಿ ಏನೋ ಆಡುತ್ತಾಳೆ ಎಂದುಕೊಂಡು ಎದ್ದು ಹೋಗುತ್ತಿದ್ದರು. ನಮ್ಮ ಅಬ್ಬಾ ಕೂಡ ಹಾಗೆಯೇ ತಿಳಿದಿದ್ದ. ತವರಿನ ಕಸುಬು ಬಳೆಯದು. ಪೇಟೆಯಲ್ಲಿ ಅಬ್ಬಾನ ಸಣ್ಣ ಬಳೆಯಂಗಡಿ ಇತ್ತು. ಮನೆಯಲ್ಲಿ ಕೂತರೆ ಹೊಳೆಯೇ ಕಣ್ಣಿಗೆ ಕಟ್ಟುತ್ತದೆಂದು ಅವಳು ಮಲಾರ ಹೊತ್ತು ಓಣಿಗೆ ಇಳಿದಳು. ಇದೆಲ್ಲ ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು.

ಆಗ ನಾನು ಹೈಸ್ಕೂಲಿಗೆ ಹೋಗುತ್ತಿದ್ದೆ. ಶಾಲೆಯ ಓಟದ ಪಂದ್ಯದಲ್ಲಿ ಗೆರೆ ಮುಟ್ಟುವ ಮೊದಲೇ ಬಿದ್ದೆ. ಎಚ್ಚರವಾದಾಗ ಕೈಯಲ್ಲಿ ಯಾರೋ ಬೀಗದ ಕೈ ಹಿಡಿಸಿದ್ದರು, ಮೂಗಿಗೆ ಉಳ್ಳಾಗಡ್ಡಿ ಹಿಡಿದಿದ್ದರು. ಮೂರ್ಛೆ ರೋಗವೆಂದು ಊರಿಗೆಲ್ಲ ಸುದ್ದಿಯಾಯಿತು. ಊರಿನ ವೈದ್ಯರು ಅದಕ್ಕೇ ಗುಳಿಗೆ ಕೊಟ್ಟರು. ನುಂಗಿದರೆ ದಿನವಿಡೀ ತೂಕಡಿಕೆ. ಅಮ್ಮಾ ದರ್ಗಾದಿಂದ ತಾಯಿತ ತಂದು ಕಟ್ಟಿದಳು. ಗುಳಿಗೆಯೂ ತಾಯಿತವೂ ಇರುವಾಗಲೇ, ದೀಪಾವಳಿಯ ದಿನ ಅಂಗಡಿ ಮುಂದೆ ಯಾರೋ ನನ್ನ ಬೆನ್ನ ಹಿಂದೆ ಪಟಾಕಿ ಹಚ್ಚಿದರು. ನಾನು ಮತ್ತೆ ಬಿದ್ದೆ. ಆ ಸಲ ಫೂಫು ನನ್ನ ಎದುರಿಗೇ ನಿಂತಿದ್ದಳು.

ಅಂದು ಮನೆಗೆ ಬಂದ ಮೇಲೆ ಅವಳು ಅಬ್ಬಾನನ್ನು ಪಡಸಾಲೆಯಲ್ಲಿ ಕೂರಿಸಿಕೊಂಡಳು. “ಇದು ಮೂರ್ಛಿ ಅಲ್ಲೋ ತಮ್ಮಾ. ಮೂರ್ಛಿ ಬಂದಾವ್ರು ಬಿದ್ದ ಮ್ಯಾಲ ಒದ್ದಾಡತಾರ. ನಮ್ಮ ಮುಮತಾಜ ಮೊದಲು ನಿಂತ್ಲು. ಕಣ್ಣು ತೆರದಂಗ ನಿಂತ್ಲು. ನಾ ಇಂಥಾ ಮಾರಿ ಹೊಳ್ಯಾಗ ಒಮ್ಮಿ ನೋಡೀನಿ” ಎಂದಳು. ಅಬ್ಬಾ ಮರುದಿನ ಅಂಗಡಿ ತೆರೆಯದೆ ನಮ್ಮಿಬ್ಬರನ್ನೂ ಕರೆದುಕೊಂಡು ಗದಗಿನ ಬಸ್ಸು ಹತ್ತಿದ.

ಗದಗಿನಲ್ಲಿ ದೇಸಾಯಿ ಡಾಕ್ಟರು ಎಂಬ ಹೃದಯದ ವೈದ್ಯರಿದ್ದರು. ಆಗಿನ್ನೂ ತರುಣರು, ಎದೆಯ ಬಡಿತವನ್ನು ಕಾಗದದ ಮೇಲೆ ಗೆರೆಯಾಗಿ ಬರೆಯುವ ಮಷಿನ್ ಇಟ್ಟುಕೊಂಡಿದ್ದರು. ಕೈಗೆ ಕಾಲಿಗೆ ಪಟ್ಟಿ ಕಟ್ಟಿ, ಎದೆಗೆ ತಣ್ಣಗಿನ ಬಟ್ಟಲುಗಳನ್ನು ಹಚ್ಚಿ ಗೆರೆ ತೆಗೆದರು. ಮೇಲುಮೇಲಕ್ಕೆ ನೋಡಿ, ಹೃದಯ ಚೆನ್ನಾಗಿದೆ, ಬಡಿತ ಸರಿಯಿದೆ ಎಂದರು. ಅಬ್ಬಾ ಎದ್ದು ನಿಂತ. ಫೂಫು ಏಳಲಿಲ್ಲ. ಮಕ್ತುಮನ ಕಥೆ ಶುರುಮಾಡಿದಳು. ಹೊರಗೆ ರೋಗಿಗಳು ಕಾಯುತ್ತಿದ್ದರು, ಅಬ್ಬಾ ಅವಳ ಸೆರಗು ಜಗ್ಗುತ್ತಿದ್ದ. ಆದರೆ ಕೈಯೆತ್ತಿದವನು ಎತ್ತಿದಂತೆಯೇ ನಿಂತ ಎಂಬ ಮಾತು ಬಂದಾಗ ಡಾಕ್ಟರು ಪೆನ್ನು ಕೆಳಗಿಟ್ಟರು. ಆ ಮಾತನ್ನು ಇನ್ನೊಮ್ಮೆ ಹೇಳಿಸಿದರು. ಸುಳಿ ಇತ್ತೇ, ಹುಡುಗ ಮೊದಲೆಂದಾದರೂ ಬಿದ್ದಿದ್ದನೇ, ಮನೆಯಲ್ಲಿ ಮತ್ತಾರಾದರೂ ಹೀಗೆ ಹೋದದ್ದುಂಟೇ ಎಂದು ಕೇಳಿದರು. ಫೂಫು ಯೋಚಿಸಿ, ನಮ್ಮ ಅಜ್ಜ ಹಗ್ಗ ಹರಿದುಕೊಂಡು ಓಡಿದ ಎತ್ತನ್ನು ಬೆನ್ನಟ್ಟಿ ಹೋದವನು ಹೊಲದ ಬದುವಿನಲ್ಲಿ ಬಿದ್ದು ಸತ್ತದ್ದನ್ನು ಹೇಳಿದಳು. ಆಗ ಅಬ್ಬಾ ಇನ್ನೂ ಚಿಕ್ಕವನಂತೆ. ಈ ಮಾತು ಕೇಳಿ ಅಬ್ಬಾ ಮತ್ತೆ ಕುರ್ಚಿಯಲ್ಲಿ ಕೂತ.

ಡಾಕ್ಟರು ಗೆರೆಯ ಕಾಗದವನ್ನು ಕಿಟಕಿಯ ಬೆಳಕಿಗೆ ಒಯ್ದು ಅಳತೆಪಟ್ಟಿ ಇಟ್ಟು ಅಳೆದರು. ಕಪಾಟಿನಿಂದ ದಪ್ಪ ಪುಸ್ತಕ ತೆಗೆದು ಓದಿದರು. ಆಮೇಲೆ ಅಬ್ಬಾನನ್ನೂ ಮಂಚದ ಮೇಲೆ ಮಲಗಿಸಿ ಗೆರೆ ತೆಗೆದರು. ನಮಗೆ ತಿಳಿಯುವಂತೆ ಹೇಳಿದ್ದು ಇಷ್ಟು: ಹೃದಯ ಒಮ್ಮೆ ಬಡಿದ ಮೇಲೆ ಮುಂದಿನ ಬಡಿತಕ್ಕೆ ತಯಾರಾಗಲು ಸ್ವಲ್ಪ ಹೊತ್ತು ಬೇಕು. ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಆ ತಯಾರಿ ತಡ. ಸುಮ್ಮನೆ ಇದ್ದಾಗ ಏನೂ ತೊಂದರೆಯಿಲ್ಲ. ಓಡುವಾಗ, ಈಜುವಾಗ, ಬೆಚ್ಚಿಬಿದ್ದಾಗ, ತಯಾರಿ ಮುಗಿಯುವುದರೊಳಗೆ ಇನ್ನೊಂದು ಬಡಿತ ನುಗ್ಗಿದರೆ ತಾಳ ತಪ್ಪುತ್ತದೆ. ತಪ್ಪಿದ ತಾಳ ತಾನಾಗಿಯೇ ಕೂಡಿಕೊಂಡರೆ ಮನುಷ್ಯ ಎದ್ದು ಕೂರುತ್ತಾನೆ, ಇಲ್ಲದಿದ್ದರೆ ಇಲ್ಲ. ನನಗೂ ಅಬ್ಬಾನಿಗೂ ಅದು ಇತ್ತು. ಬಡಿತದ ನುಗ್ಗಾಟವನ್ನು ತಗ್ಗಿಸುವ ಗುಳಿಗೆ ಬರೆದುಕೊಟ್ಟರು. ಒಂದು ಹೊತ್ತೂ ತಪ್ಪಿಸಬಾರದು ಎಂದರು.

ಫೂಫು ಎಲ್ಲವನ್ನೂ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು. “ಯಾರು ಬೀಳತಾರ, ಯಾವಾಗ ಬೀಳತಾರ, ಮೊದಲ ತಿಳೀತೈತೇನ್ರಿ ಸಾಹೇಬ್ರ?”

ಡಾಕ್ಟರು ಹೇಳಿದರು: “ಯಾವಾಗ ಅನ್ನೂದು ಯಾರಿಗೂ ಹೇಳಾಕ ಬರೂದಿಲ್ರಿ ಹಜರತಮ್ಮ. ತಡ ಇದ್ದಾವ್ರೆಲ್ಲಾರೂ ಬೀಳತಾರ ಅಂತನೂ ಇಲ್ಲ. ಯಾರು ಜ್ವಾಕಿ ಇರಬೇಕು, ಅಷ್ಟ ಈ ಗೆರಿ ಹೇಳತೈತಿ.”

“ಅಷ್ಟು ಹೇಳಿದ್ರ ಸಾಕ್ರಿ” ಎಂದಳು ಫೂಫು. “ನನಗ ಅಷ್ಟೂ ಯಾರೂ ಹೇಳಿದ್ದಿಲ್ಲ.”

ಅಂದಿನಿಂದ ಆ ರೋಗಕ್ಕೆ ನಮ್ಮ ಮನೆಯಲ್ಲಿ ‘ತಡ’ ಎಂದೇ ಹೆಸರಾಯಿತು. ಇಂಥವನು ತಡದವನು, ಇಂಥವಳು ತಡದವಳಲ್ಲ ಎಂದು ಫೂಫು ಬಂಧುಬಳಗವನ್ನೆಲ್ಲ ಎರಡು ಪಾಲು ಮಾಡಿಕೊಂಡಳು. ಮಷಿನ್ನಿಗೆ ಅವಳಿಟ್ಟ ಹೆಸರು ‘ಎದಿ ಗೆರಿ’. ಯಾರ ಮನೆಗೆ ಹೋದರೂ ಕುಶಲ ಕೇಳಿದ ಮೇಲಿನ ಮಾತೇ “ಎದಿ ಗೆರಿ ತಗಸೀರೇನು?” ಎಂಬುದು. ಬಳೆ ತೊಡಿಸುವಾಗ ಹೇಗೂ ಕೈ ಅವಳ ಕೈಯಲ್ಲೇ ಇರುತ್ತದಲ್ಲ, ನೆಂಟರ ಹುಡುಗಿಯರ ಮಣಿಕಟ್ಟನ್ನು ಹಿಡಿದು ಹೊತ್ತು ಹೊತ್ತು ಕಣ್ಣು ಮುಚ್ಚಿ ಕೂರುತ್ತಿದ್ದಳು. ಬಡಿತದಲ್ಲಿ ತಡ ತಿಳಿಯುತ್ತದೇನೋ ಎಂಬ ಆಸೆ. ಡಾಕ್ಟರನ್ನು ಕೇಳಿದಾಗ, ಕೂತವರ ನಾಡಿ ಎಲ್ಲರದೂ ಒಂದೇ, ಅದು ಕೈಗೆ ತಿಳಿಯುವಂಥದ್ದಲ್ಲ ಎಂದರು. ಮನೆಗೆ ಬಂದು ಬೇಸರದಿಂದ ಹೇಳಿದಳು, ಇಷ್ಟು ವರ್ಷ ಇಷ್ಟು ಕೈ ಹಿಡಿದೆ, ಏನೂ ತಿಳಿಯಲಿಲ್ಲವಲ್ಲ ಎಂದು.

ಆಮೇಲೆ ಅವಳು ಮಲಾರ ಹೊತ್ತುಕೊಂಡೇ ನೆಂಟರ ಊರುಗಳಿಗೆ ಹೊರಟಳು. ಬೆಟಗೇರಿ, ಮುಂಡರಗಿ, ಗದಗಿನ ಮಗ್ಗುಲ ಮಲ್ಲಸಮುದ್ರ. ರಜೆಯಿದ್ದಾಗ ನನ್ನನ್ನೂ ಕರೆದೊಯ್ಯುವಳು. ತಡವಿದ್ದೂ ಚೆನ್ನಾಗಿರುವವಳನ್ನು ಜನ ಕಣ್ಣಾರೆ ನೋಡಲಿ ಎಂದು. ಮಲ್ಲಸಮುದ್ರದಲ್ಲಿ ಅಬ್ಬಾನ ಸೋದರಮಾವ ಒಬ್ಬ ಮುದುಕನಿದ್ದ. ಅವನು ತಾಯಿಯ ಕಡೆಯವನು, ತಡ ಬರುವ ಸಂಭವವೇ ಇರಲಿಲ್ಲ. ಆದರೂ ಎಲ್ಲರೂ ಗೆರೆ ತೆಗೆಸಲು ಗದಗಿಗೆ ಹೋಗುತ್ತಾರೆಂದು ತಾನೂ ಹಟ ಹಿಡಿದು ಬಂದ. ಬಂದ ಮೇಲೆ ಮಷಿನ್ನಿನ ವಯರು ನೋಡಿ, ಕರೆಂಟು ಹೊಡೆಯುತ್ತದೆಂದು ಮಂಚ ಹತ್ತಲು ಒಲ್ಲೆ ಎಂದ. ಹೆದರಬೇಡಿ, ನಾನು ಮಲಗಿ ತೋರಿಸುತ್ತೇನೆ ಎಂದು ಅಬ್ಬಾ ಇನ್ನೊಮ್ಮೆ ಗೆರೆ ತೆಗೆಸಿಕೊಳ್ಳಬೇಕಾಯಿತು. ಎಲ್ಲ ಮುಗಿದು, ಹೃದಯ ಗಟ್ಟಿಯಿದೆ ಎಂದು ಡಾಕ್ಟರು ಹೇಳಿದಾಗ ಮುದುಕ ಬಗ್ಗಿ ಕಾಗದ ನೋಡಿ, “ಮಣಕಾಲಿಂದ ಏನೂ ಬರದಿಲ್ಲೇನ್ರಿ ಇದರಾಗ?” ಎಂದು ಕೇಳಿದ. ಡಾಕ್ಟರು ಅಷ್ಟು ನಕ್ಕದ್ದನ್ನು ನಾನು ಬೇರೆಂದೂ ನೋಡಲಿಲ್ಲ.

ಅಷ್ಟೆಲ್ಲ ಜನರನ್ನು ಕರೆತಂದ ಫೂಫು ತಾನು ಮಾತ್ರ ಮಂಚ ಹತ್ತಿರಲಿಲ್ಲ. ಡಾಕ್ಟರು ಪ್ರತಿ ಸಲವೂ ಕೇಳುತ್ತಿದ್ದರು. ನನಗೇನಾಗಿದೆ, ಗಟ್ಟಿ ಇದ್ದೇನೆ, ಬಸ್ಸಿಗೆ ಹೊತ್ತಾಯಿತು, ಇನ್ನೊಮ್ಮೆ ನೋಡೋಣ ಎಂದು ಏನೋ ಒಂದು ಹೇಳಿ ಹೊರಗೆ ಹೋಗಿ ಬೆಂಚಿನ ಮೇಲೆ ಕೂತುಬಿಡುವಳು. ಯಾಕೆಂದು ನಮಗೆ ತಿಳಿಯದೇ ಇರಲಿಲ್ಲ. ಅದನ್ನು ಬಾಯಿಬಿಟ್ಟು ಆಡುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಅದನ್ನು ಆಡಿದವನು ಶಿರಹಟ್ಟಿಯ ಇಮಾಮ ಚಾಚಾ. ಅಬ್ಬಾನ ಚಿಕ್ಕಪ್ಪನ ಮಗ. ಶಿರಹಟ್ಟಿಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದ. ಅವನ ಮಗಳು ಜುಲೇಖಾ ನನಗಿಂತ ಸ್ವಲ್ಪ ದೊಡ್ಡವಳು. ಬಾವಿಯಿಂದ ನೀರು ತರುವಾಗ ಅವಳು ಒಮ್ಮೆ ಕೊಡದ ಸಮೇತ ಬಿದ್ದಿದ್ದಳೆಂಬ ಸುದ್ದಿ ಫೂಫುವಿನ ಕಿವಿಗೆ ಬಿದ್ದಿತ್ತು. ನಾವು ಹೋದಾಗ ಚಾಚಾ ಚಹಾ ತರಿಸಿ ಚೆನ್ನಾಗಿಯೇ ಮಾತಾಡಿಸಿದ. ಗೆರೆಯ ಮಾತು ಬಂದೊಡನೆ ಮುಖ ಬಿಗಿಯಾಯಿತು. ಜುಲೇಖಾಳ ಲಗ್ನ ಗೊತ್ತಾಗಿತ್ತು, ಗಂಡಿನ ಕಡೆಯವರು ಕಟ್ಟುನಿಟ್ಟಿನ ಜನ, ಹುಡುಗಿಯನ್ನು ಹೃದಯದ ಡಾಕ್ಟರ ಹತ್ತಿರ ಒಯ್ದರೆಂದು ತಿಳಿದರೆ ಎಲ್ಲ ಮುರಿದುಬೀಳುತ್ತದೆ, ಬಿಸಿಲಿಗೆ ತಲೆ ತಿರುಗಿ ಬಿದ್ದದ್ದನ್ನು ದೊಡ್ಡದು ಮಾಡಬೇಡ ಎಂದ. ಫೂಫು ಬಿಡಲಿಲ್ಲ. ಮತ್ತೆ ಮತ್ತೆ ಹೇಳಿದಳು. ಕೊನೆಗೆ ಚಾಚಾ ಸಿಟ್ಟಿಗೆದ್ದ.

“ಊರ ಮಂದಿಗೆಲ್ಲಾ ಹೇಳಕೋತ ತಿರಗತಿ. ನೀ ತಗಸಿಯೇನು?”

ಫೂಫು ಬಶಿಯಲ್ಲಿದ್ದ ಚಹಾವನ್ನು ಕುಡಿಯದೆ ಕೆಳಗಿಟ್ಟಳು. ಜುಲೇಖಾಳ ಕೈಗೆ ಅರ್ಧ ತೊಡಿಸಿದ್ದ ಬಳೆಗಳನ್ನು ಪೂರ್ತಿ ತೊಡಿಸಿ, ಮಲಾರ ಎತ್ತಿಕೊಂಡು ಹೊರಟಳು.

ಮರುದಿನ ಮುಂಜಾನೆ ಎಂದಿನಂತೆ ಮನೆಯಿಂದ ಹೋದಳು. ಓಣಿಗೆ ಹೋಗಿದ್ದಾಳೆಂದು ನಾವು ತಿಳಿದೆವು. ಮಧ್ಯಾಹ್ನ ಬಂದು ಕೈಕಾಲು ತೊಳೆದು, ಅಮ್ಮಾನನ್ನು ಒಲೆಯ ಮುಂದಿನಿಂದ ಎಬ್ಬಿಸಿ, ತಾನೇ ರೊಟ್ಟಿ ಬಡಿಯಲು ಕೂತಳು. ಅಬ್ಬಾ ಉಣ್ಣಲು ಅಂಗಡಿಯಿಂದ ಬಂದಿದ್ದ. ಅವನ ತಾಟಿಗೆ ರೊಟ್ಟಿ ಹಾಕುತ್ತ, “ಗದಗಿಗೆ ಹೋಗಿದ್ದೆ. ನನಗೂ ಐತಿ” ಎಂದಳು.

ಅವಳು ಇನ್ನೊಂದು ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಆಮೇಲೆ ಹೇಳಿದಳು: “ಮಕ್ತುಮಗ ನನ್ನಿಂದನ ಹೋಗಿತ್ತು.”

ಅಬ್ಬಾ ತಾಟು ಸರಿಸಿದ. ಅವನ ಕಣ್ಣು ತುಂಬಿತ್ತು. “ಆಪಾ, ನಿನಗ ಅಬ್ಬಾನ ಕಡಿಂದ ಬಂತು. ಅಬ್ಬಾಗ ಅವರ ಹಿರ್ಯಾರ ಕಡಿಂದ ಬಂದಿರತೈತಿ. ಇದರಾಗ ನಿನ್ನ ತಪ್ಪೇನೈತಿ? ಮುಮತಾಜಗ ನನ್ನಿಂದ ಹೋಗೇತಿ. ಹಂಗಾರ ನನ್ನ ಏನ ಮಾಡತಿ?”

ಫೂಫು ತಲೆಯೆತ್ತಿ ಅವನನ್ನು ನೋಡಿದಳು. “ನಿನ್ನ ಮಗಳು ಕಣ್ಣಮುಂದ ಅದಾಳೋ ತಮ್ಮಾ” ಎಂದಳು. ಸಿಟ್ಟಿನಿಂದಲ್ಲ, ಇದ್ದದ್ದನ್ನು ಇದ್ದಂತೆ ಹೇಳುವ ದನಿಯಲ್ಲಿ. ಹಂಚಿನ ಮೇಲಿನ ರೊಟ್ಟಿ ಸೀದು ಹೋಯಿತು. ಅಮ್ಮಾ ಅದನ್ನು ತೆಗೆದು, ಫೂಫುವಿನ ಭುಜ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಅದಾದ ಮೇಲೆ ಹಲವು ದಿನ ಅವಳು ಮಲಾರ ಮುಟ್ಟಲಿಲ್ಲ. ಹಿತ್ತಲಲ್ಲಿ ಕೂತು ಬಳೆಗಳನ್ನು ಒಂದೊಂದಾಗಿ ಒರೆಸುವಳು, ಮತ್ತೆ ದಾರಕ್ಕೆ ಪೋಣಿಸುವಳು. ಡಾಕ್ಟರು ಕೊಟ್ಟ ಗುಳಿಗೆಯನ್ನು ನಾನು ಕೊಟ್ಟರೆ ನುಂಗುವಳು, ಕೊಡದಿದ್ದರೆ ಇಲ್ಲ. ಡಾಕ್ಟರು ಏನೆಂದರು ಎಂದು ಒಮ್ಮೆ ಕೇಳಿದೆ. ಅವರು ಬಹಳ ಹೊತ್ತು ಮಾತಾಡಿದರಂತೆ. ಆಗ ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುವ ದಾರಿಯೂ ಇರಲಿಲ್ಲ ಎಂದರಂತೆ. “ಖರೆನ ಹೇಳ್ಯಾರ. ಆದ್ರ ಕೇಳಿಸಿಕೊಳ್ಳಾಕ ಮನಸ್ಸ ಬೇಕಲ್ಲವಾ” ಎಂದು ಬಳೆಗಳ ಕಡೆಗೆ ತಿರುಗಿದಳು. ಅವಳ ಪಕ್ಕ ಕೂತು ನಾನೂ ಬಳೆ ಒರೆಸಿದೆ.

ಒಂದು ಮುಂಜಾನೆ ಅವಳಾಗಿಯೇ ಎದ್ದು ಸ್ನಾನ ಮಾಡಿ, “ಶಿರಹಟ್ಟಿಗೆ ಹೋಗೂಣು ಬಾ” ಎಂದಳು. ನಾವು ಹೋದಾಗ ಗಿರಣಿ ನಡೆದಿತ್ತು. ಪಟ್ಟೆಯ ಸದ್ದು, ಹಿಟ್ಟಿನ ಹುಡಿ, ಡಬ್ಬಿ ಹಿಡಿದು ನಿಂತ ಹೆಂಗಸರು. ಫೂಫು ಚಾಚಾನ ಕಣ್ಣಿಗೆ ಬೀಳುವಂತೆ ಎದುರಿಗೆ ನಿಂತಳು. ಅವನು ಅವಳ ಮುಖ ನೋಡಿ ಗಿರಣಿ ನಿಲ್ಲಿಸಿ ಹೊರಗೆ ಬಂದ. ಬೇವಿನ ಗಿಡದ ಕೆಳಗೆ ನಾವು ಮೂವರೇ ನಿಂತೆವು.

“ತಗಸ್ಕೊಂಡು ಬಂದೀನಿ ಇಮಾಮಾ. ನನಗ ಐತಿ. ನನ್ನ ಮಗಗ ನನ್ನಿಂದನ ಹೋಗಿತ್ತು” ಎಂದಳು ಫೂಫು. ಚಾಚಾ ಏನೋ ಹೇಳಲು ಹೋದ. ಅವಳು ಕೈ ಅಡ್ಡ ಹಿಡಿದಳು. “ಕೇಳು. ನನಗ ಗೊತ್ತಿರಲಿಲ್ಲ ಅಂತ ಒಂದು ಮಾತರ ಐತಿ, ನನಗ ನಾ ಹೇಳಕೊಳ್ಳಾಕ. ನಾಳೆ ನಿನಗ ಅದೂ ಇರೂದಿಲ್ಲ.”

ಚಾಚಾ ಮೈಮೇಲಿನ ಹಿಟ್ಟನ್ನು ಕೊಡವಿಕೊಂಡ. ಬಹಳ ಹೊತ್ತು ಅದನ್ನೇ ಮಾಡುತ್ತಿದ್ದ. ಆಮೇಲೆ ಒಳಗೆ ಹೋಗಿ, ಕಾಯುತ್ತಿದ್ದ ಹೆಂಗಸರ ಹಿಟ್ಟು ಬೀಸಿಕೊಟ್ಟು, ಬಾಗಿಲು ಹಾಕಿ ಬಂದ. ಮರುದಿನವೇ ಜುಲೇಖಾಳನ್ನು ಗದಗಿಗೆ ಕರೆತಂದ. ಅವಳ ಗೆರೆಯನ್ನು ನೋಡಿದ ಡಾಕ್ಟರು, ಇಷ್ಟು ದೊಡ್ಡ ತಡವನ್ನು ಈವರೆಗೆ ನೋಡಿಲ್ಲ ಎಂದು ಅಲ್ಲಿಯೇ, ತಮ್ಮೆದುರಿಗೇ, ಮೊದಲ ಗುಳಿಗೆ ನುಂಗಿಸಿದರು.

ಗಂಡಿನ ಕಡೆಯವರಿಗೆ ಫೂಫುವೇ ಹೋಗಿ ಹೇಳಿದಳು. ಆ ಲಗ್ನ ಮುರಿಯಿತು. ಜುಲೇಖಾ ಅತ್ತಳು, ಚಾಚಿ ಫೂಫುವನ್ನು ಶಪಿಸಿದಳು. ಚಾಚಾ ಮಾತ್ರ ಅವಳನ್ನು ದೂರಲಿಲ್ಲ. ಮುಂದೆ ಬೆಟಗೇರಿಯ ಮಗ್ಗದ ಮನೆಯೊಂದರಿಂದ ಅವಳಿಗೆ ಗಂಡು ಬಂತು. ಎಲ್ಲವನ್ನೂ ಕೇಳಿ ತಿಳಿದುಕೊಂಡೇ ಒಪ್ಪಿದರು. ಜುಲೇಖಾ ಇಂದಿಗೂ ಇದ್ದಾಳೆ, ಮೊಮ್ಮಕ್ಕಳನ್ನು ಕಂಡಿದ್ದಾಳೆ.

ನನ್ನ ಲಗ್ನದ ಮಾತು ಬಂದಾಗಲೂ ಹಾಗೆಯೇ. ಮುಂಡರಗಿಯ ರಫೀಕ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಅವನ ತಾಯಿ ನೋಡಲು ಬಂದ ದಿನ, ಅಮ್ಮಾ ಶಿರಾ ಬಡಿಸುವ ಮೊದಲೇ ಫೂಫು ಅವರ ಎದುರಿಗೆ ಕೂತು ಹೇಳಿದಳು: “ಇಕಿ ಓಡಂಗಿಲ್ರಿ, ಈಜಂಗಿಲ್ಲ. ಹಿಂದಿನಿಂದ ಬಂದು ಅಂಜಿಸಬಾರದು. ಗುಳಿಗಿ ಒಂದು ಹೊತ್ತೂ ತಪ್ಪಸಬಾರದು. ಹುಟ್ಟೂ ಮಕ್ಕಳಿಗೂ ಬರಬಹುದು, ಬರದೇನೂ ಇರಬಹುದು. ಉಳದದ್ದೆಲ್ಲಾ ಎಲ್ಲಾರಂಗ.” ಆ ಹೆಂಗಸು, ಮತ್ತೇನಾದರೂ ಇದೆಯೇ ಎಂದು ಕೇಳಿದರು. “ಸಿಟ್ಟು ಬಾಳ ಐತ್ರಿ. ಅದಕ್ಕ ಗುಳಿಗಿ ಇಲ್ಲ” ಎಂದಳು ಫೂಫು. ನನ್ನ ಅತ್ತೆ ನಕ್ಕರು. ರಫೀಕ ಒಬ್ಬನೇ ಗದಗಿಗೆ ಹೋಗಿ ಡಾಕ್ಟರನ್ನು ಕಂಡು ಬಂದದ್ದು ನನಗೆ ತಿಳಿದದ್ದು ಲಗ್ನವಾದ ಮೇಲೆ.

ಎಂಬತ್ತರ ದಶಕದ ನಡುವಿನಲ್ಲಿ ನನಗೆ ಮಗಳು ಹುಟ್ಟಿದಳು. ಶಮಾ ಎಂದು ಹೆಸರಿಟ್ಟೆವು. ಮಗು ಸ್ವಲ್ಪ ದೊಡ್ಡದಾಗಲಿ, ಆಮೇಲೆ ಗೆರೆ ತೆಗೆಸೋಣ ಎಂದೆ. ನಡೆಯಲು ಕಲಿಯಲಿ ಎಂದೆ. ಬೇಸಿಗೆ ಕಳೆಯಲಿ ಎಂದೆ. ರಫೀಕ ಒತ್ತಾಯ ಮಾಡಲಿಲ್ಲ. ಫೂಫು ಬಂದಾಗಲೆಲ್ಲ ಮಗುವನ್ನು ಎತ್ತಿ ಆಡಿಸಿ, ಸಣ್ಣ ಬಳೆ ತೊಡಿಸಿ ಹೋಗುವಳು. ಊರಿಗೆಲ್ಲ ಕೇಳುವ ಪ್ರಶ್ನೆಯನ್ನು ನನಗೆ ಮಾತ್ರ ಕೇಳುತ್ತಿರಲಿಲ್ಲ.

ಹಾಗಿರುವಾಗ ಅವಳಿಗೆ ಕಾಮಾಲೆಯಾಯಿತು. ಹಳ್ಳಿಯ ಔಷಧಿ, ದವಾಖಾನೆಯ ಔಷಧಿ ಎರಡೂ ಆದವು, ಇಳಿಯಲಿಲ್ಲ. ನಾನು ಮಗುವನ್ನು ಕಟ್ಟಿಕೊಂಡು ಲಕ್ಷ್ಮೇಶ್ವರಕ್ಕೆ ಬಂದೆ. ಪಡಸಾಲೆಯ ಹೊರಸಿನ ಮೇಲೆ ಮಲಗಿದ್ದಳು, ಕಣ್ಣು ಅರಿಸಿನದಂತೆ ಹಳದಿ. ಬಡಿತದ ತಡ ಅವಳಿಗೆ ಒಂದು ದಿನವೂ ತೊಂದರೆ ಕೊಡಲಿಲ್ಲ. ತೆಗೆದುಕೊಂಡು ಹೋಗಲು ಬಂದದ್ದು ಬೇರೆಯೇ ರೋಗ. ಅದನ್ನು ಅವಳೇ ಹೇಳಿ ನಕ್ಕಳು. ಶಮಾ ಅವಳ ಕಾಲ ಹತ್ತಿರ ಕೂತು ಚುರಮರಿ ತಿನ್ನುತ್ತಿದ್ದಳು. ಬಹಳ ಹೊತ್ತು ಮಗುವನ್ನೇ ನೋಡಿ, ನನ್ನನ್ನು ಹತ್ತಿರ ಕರೆದಳು.

“ಯಾಕ ತಗಸಿಲ್ಲ ಅಂತ ನಾ ಕೇಳೂದಿಲ್ಲವಾ ಮುಮತಾಜ. ನನಗ ಗೊತ್ತೈತಿ” ಎಂದಳು. ಉಸಿರು ತೆಗೆದುಕೊಳ್ಳಲು ಸ್ವಲ್ಪ ತಡೆದಳು. “ತಗಸು. ಆದ್ರ ಒಬ್ಬಾಕೀನ ಹೋಗಬ್ಯಾಡ. ನಾ ಒಬ್ಬಾಕಿ ಹೋಗಿದ್ದೆ.”

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಕಣ್ಣು ಮುಚ್ಚಿದಳು. ಅದೇ ವಾರದಲ್ಲಿ ಹೋಗಿಬಿಟ್ಟಳು. ಮಣ್ಣಿಗೆ ಶಿರಹಟ್ಟಿಯಿಂದ, ಮುಂಡರಗಿಯಿಂದ, ಬೆಟಗೇರಿಯಿಂದ ಜನ ಬಂದರು. ಕೊರ್ಲಹಳ್ಳಿಯಿಂದ ಮಕ್ತುಮನ ಗೆಳೆಯರಿಬ್ಬರು ಬಂದಿದ್ದರು. ಶವದ ಸಂದೂಕಿಗೆ ಎಲ್ಲರಿಗಿಂತ ಮೊದಲು ಹೆಗಲು ಕೊಟ್ಟವನು ಇಮಾಮ ಚಾಚಾ.

ದುಃಖದ ದಿನಗಳು ಕಳೆದ ಮೇಲೆ ನಾವು ಶಮಾಳನ್ನು ಗದಗಿಗೆ ಕರೆದೊಯ್ದೆವು. ನಾನು, ರಫೀಕ, ಅಬ್ಬಾ. ಬೆಟಗೇರಿಯಿಂದ ಜುಲೇಖಾ ಬಂದು ಕೂಡಿಕೊಂಡಳು. ಡಾಕ್ಟರ ತಲೆ ಅಲ್ಲಲ್ಲಿ ಬೆಳ್ಳಗಾಗಿತ್ತು. ನಮ್ಮ ಗುಂಪನ್ನು ನೋಡಿ ನಗುತ್ತ, “ಹಜರತಮ್ಮ ಹೊರಗ ಬೆಂಚಿನ ಮ್ಯಾಲ ಕುಂತಾರೇನು? ಒಳಗ ಕರೀರಿ” ಎಂದರು. ಅವಳು ತೀರಿಕೊಂಡದ್ದನ್ನು ಅಬ್ಬಾ ಹೇಳಿದ. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೊರಗೆ ಸರತಿಯಲ್ಲಿದ್ದವರು ಕೆಮ್ಮುವುದು ಕೇಳುತ್ತಿತ್ತು. ಆಮೇಲೆ ಕನ್ನಡಕ ಹಾಕಿಕೊಂಡು, ಶಮಾಳಿಗೆ ಕೈ ಚಾಚಿ, ಬಾ ಮಗಳೇ ಎಂದರು.

ಮಗು ಅಳಬಾರದೆಂದು ಜುಲೇಖಾ ಅದರ ತಲೆಯ ಹತ್ತಿರ ಕೂತು ಏನೇನೋ ಕಥೆ ಹೇಳುತ್ತಿದ್ದಳು. ಗೆರೆ ಬಂತು. ಡಾಕ್ಟರು ಅಳೆದು ನೋಡಿ, ಇದೆ ಎಂದರು. ಗುಳಿಗೆ ಎಷ್ಟು, ಹೇಗೆ ಪುಡಿ ಮಾಡಿ ಕೊಡಬೇಕು ಎಂದು ರಫೀಕನಿಗೆ ತಿಳಿಸಿ ಹೇಳಿದರು. ಶಮಾ ಈಗ ಎರಡು ಮಕ್ಕಳ ತಾಯಿ, ಚೆನ್ನಾಗಿದ್ದಾಳೆ; ಆದರೆ ಅಂದು ಅದನ್ನು ನನಗೆ ಯಾರು ಹೇಳಬೇಕಿತ್ತು? ನಾನು ಗೋಡೆ ಹಿಡಿದು ಅತ್ತೆ. ಜುಲೇಖಾ ಒಂದು ಕಡೆಯಿಂದ, ರಫೀಕ ಒಂದು ಕಡೆಯಿಂದ ಹಿಡಿದುಕೊಂಡರು. ಅಬ್ಬಾ ಮಗುವನ್ನು ಎತ್ತಿಕೊಂಡು ಮುಂದೆ ನಡೆದ.

ಬಸ್ ಸ್ಟ್ಯಾಂಡಿನವರೆಗೆ ಅವರಿಬ್ಬರೂ ನನ್ನ ಕೈ ಬಿಡಲಿಲ್ಲ. ಹಾಗೆ ನಡೆಯುವಾಗ ನನ್ನ ಮನಸ್ಸಿನಲ್ಲಿ ಶಮಾ ಇರಲಿಲ್ಲ, ಫೂಫು ಇದ್ದಳು. ತನಗೂ ಇದೆಯೆಂದು ಕೇಳಿದ ಆ ದಿನ ಅವಳು ಅದೇ ಕೋಣೆಯಿಂದ ಹೊರಗೆ ಬಂದು, ಅದೇ ರಸ್ತೆಯಲ್ಲಿ, ಏರುಬಿಸಿಲಿನಲ್ಲಿ, ಪಕ್ಕದಲ್ಲಿ ಯಾರೂ ಇಲ್ಲದೆ ನಡೆದು, ಬಸ್ಸು ಹಿಡಿದು ಮನೆಗೆ ಬಂದಿದ್ದಳು.